ಯಮನಪ್ಪ ಮೂರು ಸಲ ಹೇಳಿದ್ದ

ನಾವು ಸಣ್ಣವರಿದ್ದಾಗ ನಮ್ಮ ಕಡೆ ಪ್ರವಾಸ ಎಂಬ ಮಾತನ್ನು ಸಾಲಿಯ ಮಾಸ್ತರರು ಬಿಟ್ಟರೆ ಬೇರೆ ಯಾರೂ ಆಡುತ್ತಿರಲಿಲ್ಲ. ಮನೆಯ ಮಂದಿ "ನೀರು ನೋಡಾಕ ಹೋಗೂಣು" ಎನ್ನುತ್ತಿದ್ದರು. ಇಂಡಿ ಊರಿನಲ್ಲಿ ಬೆಳೆದ ನನಗೆ ನೀರೆಂದರೆ ದಿನ ಬಿಟ್ಟು ದಿನ ಬರುವ ನಳ, ಓಣಿಯ ಕೊನೆಯ ಬೋರು, ಲಿಂಬೆ ತೋಟದಲ್ಲಿ ಗಿಡದ ಬುಡಕ್ಕೆ ತೊಟ್ಟಿಕ್ಕುವ ಕರಿ ಪೈಪು. ಕಣ್ಣು ಹಾಯಿಸಿದಷ್ಟೂ ನೀರೇ ಇರುವ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ ಎಂದು ಮೊದಲ ಸಲ ಕೇಳಿದಾಗ ನಾನು ನಂಬಿರಲಿಲ್ಲ.

ಅಪ್ಪ ಲಿಂಬೆಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ಅವರ ಅಂಗಿ, ಕೈಚೀಲ, ನಾವು ಮಲಗುವ ಕೌದಿ, ಎಲ್ಲಕ್ಕೂ ಲಿಂಬೆಯ ವಾಸನೆ. ಅವ್ವನ ತವರು ಹೂವಿನ ಹಿಪ್ಪರಗಿ. ದಸರೆಯ ರಜೆ ಬಿಟ್ಟ ಮರುದಿನವೇ ನಾವು ಸಿಂದಗಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಆಯಿಯ ಮನೆ ಸೇರುತ್ತಿದ್ದೆವು. ಅಲ್ಲಿ ಅವ್ವನ ಅವ್ವ, ಅಂದರೆ ನಮ್ಮ ಆಯಿ, ಆಕೆಯ ಮಗ ಮಲ್ಲು ಮಾಮಾ, ಮಾಮಿ, ಮತ್ತು ಅವರ ಮಗಳು ಪದ್ಮಕ್ಕ. ಪದ್ಮಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಕುಂಟಾಟವಿರಲಿ, ಗಜ್ಜುಗವಿರಲಿ, ಆಕೆ ಹೇಳಿದ್ದೇ ನಿಯಮ. ಆ ವರ್ಷ ಮಾಮಾನ ಬಳಿ ಕ್ಯಾಮೆರಾ ಇದ್ದ ಹೊಸ ಫೋನು ಬಂದಿತ್ತು. ಅದು ದಿನದ ಅರ್ಧ ಹೊತ್ತು ಪದ್ಮಕ್ಕನ ಕೈಯಲ್ಲೇ ಇರುತ್ತಿತ್ತು.

ನನಗಾಗ ಹನ್ನೊಂದು. ನಮ್ಮ ವರ್ಗದ ಒಬ್ಬ ಹುಡುಗಿ ಬೇಸಿಗೆಯಲ್ಲಿ ಗೋವಾಕ್ಕೆ ಹೋಗಿ ದೋಣಿಯ ಮೂತಿಯ ಮೇಲೆ ಕೈ ಚಾಚಿ ನಿಂತ ಫೋಟೋ ತಂದು ತೋರಿಸಿದ್ದಳು. ಅಂಥದ್ದೇ ಒಂದು ಫೋಟೋ ನನಗೂ ಬೇಕಿತ್ತು. ಹಬ್ಬಕ್ಕೆಂದು ವಿಜಯಪುರದಿಂದ ತಂದ ಹಳದಿ ಫ್ರಾಕು ಹಾಕಿಕೊಂಡೇ ತೆಗೆಸಿಕೊಳ್ಳಬೇಕೆಂದು ಹದಿನೈದು ದಿನ ಮೊದಲೇ ನಿಶ್ಚಯ ಮಾಡಿಕೊಂಡಿದ್ದೆ.

ಬನ್ನಿ ಹಂಚಿದ ಮರುದಿನ ಮಾಮಾ ಪರಿಚಯದವರ ಟಂಟಂ ಗಾಡಿ ತಂದ. ಹಿಂದುಗಡೆ ಜಮಖಾನ ಹಾಸಿ ಎಲ್ಲರೂ ಕೂತೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಗಂಟು, ಎಣ್ಣಿಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರಿನ ಡಬ್ಬಿ, ನಿನ್ನೆಯ ಹೋಳಿಗೆ. ರಸ್ತೆಯ ಎರಡೂ ಬದಿ ತೊಗರಿ ಹೂ ಬಿಡತೊಡಗಿತ್ತು. ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳದ ಕಡೆ ಇಳಿಯುತ್ತಿದ್ದ ಹಾಗೆ ಗಾಳಿಯ ವಾಸನೆಯೇ ಬದಲಾಯಿತು. ಹಸಿ ಮಣ್ಣು, ಮೀನು, ಕೊಳೆತ ಎಲೆ. ಆಮೇಲೆ ಒಂದು ಏರು ಹತ್ತಿದ್ದೇ ತಡ, ನೀರು. ಕೃಷ್ಣೆಯ ಹಿನ್ನೀರು. ಆಚೆ ದಂಡೆ ಕಾಣಲಿಲ್ಲ. ಆಯಿ ಕೂತಲ್ಲೇ ಕೈ ಮುಗಿದಳು.

ಅಲ್ಲಿ ಒಬ್ಬ ಗುತ್ತೇದಾರ ಸಣ್ಣ ತೋಟದಂಥದ್ದನ್ನು ಮಾಡಿದ್ದ. ನಾಲ್ಕು ಬೇವಿನ ಮರ, ಒಂದು ಜೋಕಾಲಿ, ಚುರಮುರಿ ಗಾಡಿ, ನೀರಿಗೆ ಇಳಿಯಲು ಹತ್ತು ಕಲ್ಲಿನ ಮೆಟ್ಟಿಲು, ಕೆಳಗೆ ಎರಡು ನೀಲಿ ದೋಣಿ. ಆ ಜಾಗ ಈಗಿಲ್ಲ.

ದೊಡ್ಡವರು ಬೇವಿನ ನೆರಳಿಗೆ ಜಮಖಾನ ಹಾಸುವುದರಲ್ಲಿದ್ದರು. ಅಪ್ಪನಿಗೆ ನೀರೆಂದರೆ ಅಂಜಿಕೆ, ಅವ್ವನ ತೊಡೆಯ ಮೇಲೆ ತಮ್ಮ ನಿದ್ದೆ ಹೋಗಿದ್ದ. ಹೀಗಾಗಿ ದೋಣಿಗೆ ಹೊರಟವರು ಆಯಿ, ಪದ್ಮಕ್ಕ, ನಾನು. ಮಾಮಾ ಮೆಟ್ಟಿಲವರೆಗೆ ಬಂದು ಬೆರಳು ಎತ್ತಿ ಹೇಳಿದ, "ಶೈಲೂ, ಜಾಕೀಟ ಹಾಕ್ಕೋಬೇಕು. ಒಳಗ ಎದ್ದು ನಿಂತೀ ಅಂದ್ರ ಚರ್ಮ ಸುಲೀತೇನಿ." ಹೇಳಿ ಮರದ ಕಡೆ ತಿರುಗಿ ಹೋದ. ಮಾಮಾ ಬಾಯಿಯಿಂದ ಮಾತ್ರ ಹೆದರಿಸುವವನಲ್ಲ. ಪದ್ಮಕ್ಕನ ಬೆನ್ನಿನ ಮೇಲೆ ಬಾಸುಂಡೆ ಎದ್ದದ್ದನ್ನು ನಾನು ನೋಡಿದ್ದೆ.

ದೋಣಿಯವನ ಹೆಸರು ಯಮನಪ್ಪ. ಐವತ್ತರ ಆಸುಪಾಸಿನ ಮನುಷ್ಯ, ಕಪ್ಪು ಮೈ, ತಲೆಗೆ ಸುತ್ತಿದ ಬಿಳಿ ವಲ್ಲಿ. ಅಣೆಕಟ್ಟು ಬರುವ ಮೊದಲು ಅವರ ಮನೆತನದವರು ಹರಿಗೋಲಿನಲ್ಲಿ ಮಂದಿಯನ್ನು ಹೊಳೆ ದಾಟಿಸುತ್ತಿದ್ದರಂತೆ. ಆಯಿಗೆ ಆತನೇ ಕೈ ಹಿಡಿದು ದೋಣಿ ಹತ್ತಿಸಿದ. ಇಳಕಲ್ ಸೀರೆಯ ಸೆರಗು ಸರಿಸಿ, ಕಿತ್ತಳೆ ಬಣ್ಣದ ಜಾಕೀಟು ತೊಡಿಸಿ, ಪಟ್ಟಿ ಬಿಗಿಯುತ್ತ "ಉಸರ ಕಟ್ಟಂಗಿಲ್ಲಲ್ಲಬೇ ಯವ್ವಾ?" ಎಂದು ಕೇಳಿದ. ಆಯಿ ಮುಂದಿನ ಹಲಗೆಯ ಮೇಲೆ ಕೂತವಳೇ ಎರಡೂ ಅಂಚು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದಳು; ಆಕೆಗೆ ಕಿವಿಯೂ ಮಂದ, ಹತ್ತಿರ ಬಂದು ಹೇಳಿದ್ದಷ್ಟೇ ಕೇಳುತ್ತಿತ್ತು. ನನಗೂ ಪದ್ಮಕ್ಕನಿಗೂ ಒಂದೊಂದು ಜಾಕೀಟು ಕೊಟ್ಟ. ಹಾಕಿಕೊಂಡೆ. ಅದು ಬೆವರು ಮತ್ತು ಪಾಚಿಯ ವಾಸನೆ ಹೊಡೆಯುತ್ತಿತ್ತು. ನನ್ನ ಹಳದಿ ಫ್ರಾಕು ಪೂರ್ತಿ ಮುಚ್ಚಿಹೋಯಿತು.

ದಂಡೆಯಿಂದ ಸ್ವಲ್ಪ ದೂರದಲ್ಲಿ ಮುಳುಗಿದ ಜಾಲಿ ಮರಗಳಿದ್ದವು. ಒಣಗಿದ ತುದಿಗಳಷ್ಟೇ ನೀರಿನ ಮೇಲೆ, ಅವುಗಳ ಮೇಲೆ ಬೆಳ್ಳಕ್ಕಿಗಳು. ದೋಣಿ ಅವುಗಳ ಆಚೆ ಹೋದಾಗ ಬೇವಿನ ಮರಗಳು ಮರೆಯಾದವು. ಪದ್ಮಕ್ಕ ಫೋನು ಎತ್ತಿ ನನ್ನನ್ನು ನೋಡಿ ನಕ್ಕಳು. "ಹೊಟ್ಟಿ ಉಬ್ಬಿದ ಕಪ್ಪಿ ಕಂಡಂಗ ಕಾಣ್ತಿ."

ಮಾಮಾ ಕಾಣುತ್ತಿರಲಿಲ್ಲ. ನಾನು ಪಟ್ಟಿ ಬಿಚ್ಚಿ ಜಾಕೀಟನ್ನು ಕಾಲ ಬುಡಕ್ಕೆ ಹಾಕಿದೆ.

ಯಮನಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. "ತಗೀಬ್ಯಾಡವ್ವಾ, ಹಾಕ್ಕೊ."

"ಒಂದ ಫೋಟೋ ಅಷ್ಟ," ಎಂದೆ.

"ಕುಂತ ತಗಸ್ಕೊ. ಮದ್ಲ ಹಾಕ್ಕೊ."

ನಾನು ಎದ್ದು ನಿಂತೆ. ಆತ ಹುಟ್ಟನ್ನು ಒಳಗೆಳೆದು, ಜಾಕೀಟು ಎತ್ತಿ ನನ್ನ ಕಡೆ ಚಾಚಿದ. "ಮಾತ ಕೇಳು ತಂಗೀ. ಇಲ್ಲೆ ಬಾಳ ಆಳ ಐತಿ." ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ನಾನು ಆತನ ಕಡೆ ನೋಡಲೂ ಇಲ್ಲ. ಗೋವಾದ ಫೋಟೋದಲ್ಲಿ ಆ ಹುಡುಗಿ ನಿಂತ ಹಾಗೆ ಕೈ ಎರಡೂ ಚಾಚಿದೆ. ಪದ್ಮಕ್ಕ ಫೋಟೋ ತೆಗೆದಳು. ಇನ್ನೊಂದಕ್ಕೆ ಒಂದು ಹೆಜ್ಜೆ ಹಿಂದೆ ಇಟ್ಟೆ. ಅಲ್ಲಿ ಹಲಗೆ ಇರಲಿಲ್ಲ.

ನೀರು ಇಷ್ಟು ತಣ್ಣಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಿವಿ ತುಂಬಿತು. ಬಾಯಿ ತೆರೆದರೆ ಮಣ್ಣಿನ ರುಚಿ. ಫ್ರಾಕಿನ ಘೇರು ಮುಖಕ್ಕೆ ಮುತ್ತಿ, ಹಸಿರು ಮಬ್ಬಿನಲ್ಲಿ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ಒದ್ದಾಡಿದೆ. ಕಾಲಿಗೆ ಕೊಂಬೆ ತಾಗಿತು. ಆಮೇಲೆ ಯಾರೋ ನನ್ನ ಜಡೆ ಹಿಡಿದು ಎಳೆದರು.

ಯಮನಪ್ಪ ನನ್ನನ್ನು ದೋಣಿಯೊಳಗೆ ಹೇಗೆ ಹಾಕಿದನೋ ನೆನಪಿಲ್ಲ. ಬೋರಲು ಮಲಗಿಸಿ ಬೆನ್ನು ಒತ್ತಿದ. ನೀರು ಕಾರಿದೆ. ಆತನ ಬಲ ಭುಜ ಜಾಲಿ ಕೊಂಬೆಗೆ ಸೀಳಿ ರಕ್ತ ನೀರಿನೊಂದಿಗೆ ಕಲೆತು ಮೊಳಕೈವರೆಗೆ ಇಳಿಯುತ್ತಿತ್ತು. ಆಯಿ ಕಣ್ಣು ತೆರೆದು ಚೀರುತ್ತಿದ್ದಳು. ಆತ ಹುಟ್ಟು ಹಾಕುತ್ತ ಇಡೀ ದಾರಿ "ಅಂಜಬ್ಯಾಡವ್ವಾ, ಮುಟ್ಟಿದ್ವಿ, ಮುಟ್ಟಿದ್ವಿ" ಅನ್ನುತ್ತಲೇ ಇದ್ದ.

ಚೀರಾಟ ಕೇಳಿ ಎಲ್ಲರೂ ಮೆಟ್ಟಿಲ ಬಳಿ ಓಡಿ ಬಂದಿದ್ದರು. ಅವ್ವ ನನ್ನನ್ನು ಎತ್ತಿಕೊಂಡು ಅತ್ತಳು. ಮಾಮಾನ ಕಣ್ಣು ದೋಣಿಯ ತಳದಲ್ಲಿ ಬಿದ್ದಿದ್ದ ಜಾಕೀಟಿನ ಮೇಲೆ ಹೋಯಿತು.

"ಯಾಕ ಹಾಕ್ಕೊಂಡಿಲ್ಲ ಇದನ್ನ?" ಎಂದು ನನ್ನನ್ನು ಕೇಳಿದ. ದನಿ ಏರಿರಲಿಲ್ಲ. ಆ ದನಿ ನನಗೆ ಗೊತ್ತಿತ್ತು.

ನಾನು ಹೇಳಿದೆ, "ಹಾಕ್ಕೊ ಅಂತ ಅಂವಾ ಹೇಳಲೇ ಇಲ್ಲ."

ಮಾಮಾ ತಿರುಗಿದ. ಯಮನಪ್ಪ ಆಗಷ್ಟೇ ದೋಣಿಯ ಹಗ್ಗ ಗೂಟಕ್ಕೆ ಸುತ್ತುತ್ತಿದ್ದ. ಹಗ್ಗ ಬಿಟ್ಟು ಎದ್ದು ನಿಂತು, "ಮೂರ ಸಲ ಹೇಳೇನ್ರಿ ಸಾವಕಾರ್ರ," ಎಂದ. "ಹುಡುಗಿನ್ನ ಕೇಳ್ರಿ." ಆಮೇಲೆ ನನ್ನ ಕಡೆ ಬಗ್ಗಿದ. "ಹೇಳವ್ವಾ. ನಾ ಹೇಳಿದ್ದಿಲ್ಲೇನು?"

ಎಲ್ಲರೂ ನನ್ನನ್ನೇ ನೋಡಿದರು. ಆತನ ರೆಪ್ಪೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ನಾನು ನಿಜ ಹೇಳುತ್ತೇನೆಂದು ಆತನಿಗೆ ಖಾತ್ರಿ ಇತ್ತು. ಅದು ಮುಖದಲ್ಲೇ ಕಾಣುತ್ತಿತ್ತು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಹೊಡೆತದ ಸಪ್ಪಳ ಕೇಳಿಸಿತು. ಮಾಮಾನ ಕೈ ದೊಡ್ಡದು. ಸೆರಗಿನ ಸಂದಿಯಿಂದ ನೋಡಿದಾಗ ಯಮನಪ್ಪ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಹೆಗಲಿಗೆ ಹಾಕಿಕೊಂಡಿದ್ದ ವಲ್ಲಿ ನೀರಿಗೆ ಬಿದ್ದಿತ್ತು. ಅಪ್ಪ ನಡುವೆ ಬಂದು ಮಾಮಾನನ್ನು ಹಿಡಿದುಕೊಂಡರು. ಗುತ್ತೇದಾರ ಓಡಿ ಬಂದ. ಮಾಮಾ ಪೊಲೀಸರ ಹೆಸರು ಎತ್ತಿದ್ದೇ ಆತ ಬೆದರಿ, "ಇಂವನ್ನ ಇವತ್ತ ಬಿಡಸ್ತೇನ್ರಿ, ನಾಳಿಂದ ಇಲ್ಲಿ ಕಾಲ ಇಡಂಗಿಲ್ಲ," ಎಂದ. ಯಮನಪ್ಪ ಮತ್ತೆ ವಾದ ಮಾಡಲಿಲ್ಲ. "ಕೂಸು ಉಳೀತಲ್ರಿ," ಎಂದಷ್ಟೇ ಹೇಳಿ, ಬಗ್ಗಿ ವಲ್ಲಿ ಎತ್ತಿಕೊಂಡು ಹಿಂಡಿ, ಮೆಟ್ಟಿಲು ಹತ್ತಿ ಹೋದ. ಪದ್ಮಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು, ಫೋನನ್ನು ಎದೆಗೆ ಅವಚಿಕೊಂಡು. ಆಕೆಯೂ ಬಾಯಿ ತೆರೆಯಲಿಲ್ಲ.

ಕಟ್ಟಿ ತಂದ ರೊಟ್ಟಿಯ ಗಂಟು ಬಿಚ್ಚದೇ ವಾಪಸು ಬಂದೆವು.

ಮರುದಿನ ಮುಂಜಾನೆ ಆಯಿ ನನ್ನ ತಲೆ ಬಾಚುತ್ತ ಮೆಲ್ಲಗೆ ಕೇಳಿದಳು. "ನನ್ನ ಸೆರಗ ಸರಿಸಿ, ಉಸರ ಕಟ್ಟಂಗಿಲ್ಲಲ್ಲ ಅಂತ ಕೇಳಿ ಕಟ್ಟಿದಾಂವ, ನಿನಗ ಹಾಕ್ಕೊ ಅಂತ ಹೇಳದ ಹೆಂಗ ಬಿಟ್ಟ ಶೈಲೂ?"

"ಮರತಿರಬೇಕು," ಎಂದೆ. ಆಯಿ ಹೆಣೆದ ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯತೊಡಗಿದಳು.

ಆ ಸುಳ್ಳಿಗೆ ಅಂಜಿಕೆ ಕಾರಣ ಎಂದು ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಆಯಿ ಕೇಳಿದ ದಿನವೇ ಮಧ್ಯಾಹ್ನ ನಾನು ಮಾಡಿದ್ದಕ್ಕೆ ಅಂಥ ಯಾವ ಸಮಾಧಾನವೂ ಇಲ್ಲ. ಪದ್ಮಕ್ಕ ನನ್ನನ್ನು ಹಿತ್ತಲ ಜೋಳದ ಕಣಕಿಯ ಬಣವೆಯ ಹಿಂದೆ ಕರೆದುಕೊಂಡು ಹೋಗಿ ಫೋನು ತೋರಿಸಿದಳು. ಫೋಟೋ ಚೆನ್ನಾಗಿ ಬಂದಿತ್ತು. ಹಳದಿ ಫ್ರಾಕು, ಚಾಚಿದ ಕೈ, ಹಿಂದೆ ನೀರು. ಬಲಗಡೆಯ ಅಂಚಿನಲ್ಲಿ ಯಮನಪ್ಪನ ಕರಿ ಕೈ, ಕೈಯಲ್ಲಿ ನನ್ನ ಕಡೆ ಚಾಚಿದ ಕಿತ್ತಳೆ ಜಾಕೀಟು.

"ಅಪ್ಪಗ ತೋರಸ್ಲೇನು?" ಎಂದಳು ಪದ್ಮಕ್ಕ. ಆಕೆಗೆ ತೋರಿಸುವ ಮನಸ್ಸಿತ್ತೆಂದು ಈಗ ಅನಿಸುತ್ತದೆ. ನಾನು ಹೂಂ ಎಂದಿದ್ದರೆ ಸಾಕಿತ್ತು. ಆ ಹೊತ್ತಿಗೆ ಯಾರೂ ನನ್ನ ಮೇಲೆ ಕೈ ಎತ್ತಿ ನಿಂತಿರಲಿಲ್ಲ. ಹೊಟ್ಟೆ ತುಂಬಿತ್ತು, ಬಟ್ಟೆ ಒಣಗಿತ್ತು, ವಿಚಾರ ಮಾಡಲು ಇಡೀ ಮಧ್ಯಾಹ್ನವಿತ್ತು.

"ಅಳಸು," ಎಂದೆ.

ಆಕೆ ನನ್ನ ಮುಖ ನೋಡಿದಳು. "ಖರೇನ?"

"ಅಳಸು ಪದ್ಮಕ್ಕ."

ಆಕೆ ಅಳಿಸಿದಳು. ಆ ರಜೆಯಲ್ಲಿ ಮತ್ತೆ ನಾವಿಬ್ಬರೂ ಕುಂಟಾಟ ಆಡಲಿಲ್ಲ.

ಒಂಬತ್ತನೆಯ ಇಯತ್ತೆಯಲ್ಲಿ ನಮ್ಮ ಸಾಲಿಯವರು ಸಮುದ್ರ ತೋರಿಸಲು ಕಾರವಾರದ ಕಡೆ ಕರೆದೊಯ್ದರು. ದಂಡೆಯ ಮೇಲೊಂದು ಉದ್ಯಾನ, ಅಲ್ಲಿಂದ ದೋಣಿ ಏರುವ ಕಟ್ಟೆ. ಹುಡುಗಿಯರೆಲ್ಲ ಸಾಲಾಗಿ ನಿಂತರು. ನನ್ನ ಸರದಿ ಬಂದಾಗ ಅಲ್ಲಿಯ ದೋಣಿಯವನು ಜಾಕೀಟು ಹಿಡಿದು ನನ್ನ ಕಡೆ ಚಾಚಿದ. ಹೊಟ್ಟೆನೋವು ಎಂದು ಹೇಳಿ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಗೆಳತಿಯರು ದೋಣಿಯಿಂದ ಕೈ ಬೀಸುತ್ತಿದ್ದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಊರಿಗೆ ಬಂದ ದಿನವೇ ಅಪ್ಪನ ಮುಂದೆ ಎಲ್ಲ ಹೇಳಿದೆ.

ಅಪ್ಪ ಲಿಂಬೆಹಣ್ಣು ಆರಿಸುತ್ತ ಕೂತಿದ್ದರು. ಕೇಳಿ ಮುಗಿದ ಮೇಲೂ ಬಹಳ ಹೊತ್ತು ಹಣ್ಣನ್ನೇ ಆರಿಸಿದರು. ಕೊನೆಗೆ, "ಅಂವಾ ನಿನ್ನ ಜೀವಾ ಉಳಿಸಿದಾಂವ," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಐತವಾರ ಹೋಗೂಣು. ಕಾಲ ಹಿಡದು ತಪ್ಪಾತು ಅನ್ನಬೇಕು ನೀ."

ಐತವಾರ ಒಂದು ಚೀಲ ಲಿಂಬೆಹಣ್ಣು ಹಿಡಿದು ಹೊರಟೆವು. ಬೇವಿನ ಮರಗಳಿದ್ದವು, ದೋಣಿಗಳಿರಲಿಲ್ಲ. ಚುರಮುರಿಯವನು ಕೈ ತೋರಿಸಿದ ಕಡೆ ಎರಡು ಮೈಲು ನಡೆದೆವು. ಹೊಳೆಯ ಊರು ಮುಳುಗಿದ ಮೇಲೆ ಸರಕಾರ ಕಟ್ಟಿಸಿಕೊಟ್ಟ ಊರು ಅದು; ಒಂದೇ ನಮೂನೆಯ ಸಾಲು ಮನೆಗಳು. ಯಮನಪ್ಪನ ಹೆಂಡತಿ ಶಾಂತವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಯಾರು ಏನು ಎಂದು ಕೇಳುವ ಮೊದಲೇ ನೀರು ತಂದುಕೊಟ್ಟಳು.

"ಅವರು ಇಲ್ರಿ. ಮಲ್ಪೆ ಕಡೆ ಸಮುದ್ರದ ಬೋಟಿಗಿ ಹೋಗ್ಯಾರ. ಮೂರ ವರ್ಷಾತು. ವರ್ಷಕ್ಕೊಮ್ಮೆ ಬರ್ತಾರ," ಎಂದಳು.

ಅಪ್ಪ ನನ್ನ ಕಡೆ ನೋಡಿದರು. ನಾನು ಹೇಳತೊಡಗಿದೆ. ಹಿನ್ನೀರು, ಫೋಟೋ, ಬಿದ್ದದ್ದು, ಸುಳ್ಳು. ನೀರಿಗೆ ಬಿದ್ದೆ ಎಂಬಲ್ಲಿ ಆಕೆಯ ಮುಖ ಅರಳಿತು. "ನೀನ ಏನವ್ವಾ ಆ ಕೂಸು? ಹೇಳಿದ್ರು. ಒಂದ ಹುಡುಗಿ ಬಿದ್ದಿತ್ತು, ಜಡಿ ಹಿಡದ ತಗದೆ ಅಂತ ಊರ ತುಂಬ ಹೇಳ್ಯಾರ." ನಾನು ಮುಂದುವರಿಸಿದೆ. ನನ್ನ ಸುಳ್ಳಿನಿಂದ ಕೆಲಸ ಹೋಯಿತು, ನನ್ನ ಮಾಮಾ ಹೊಡೆದ ಎಂದೆ.

ಶಾಂತವ್ವ ಮೊರ ಕೆಳಗಿಟ್ಟಳು.

"ಹೊಡದ್ರೇನ್ರಿ?" ಎಂದು ಅಪ್ಪನನ್ನು ಕೇಳಿದಳು. "ಮಂದಿ ಮುಂದ?"

ಅಪ್ಪ ತಲೆ ತಗ್ಗಿಸಿದರು.

"ಅದನ್ನ ಹೇಳಿಲ್ರಿ ಅವರು. ಗುತ್ತೇದಾರ ಮಷಿನ್ ಬೋಟ ತರ್ತಾನಂತ, ಹುಟ್ಟ ಹಾಕಾವ್ರು ಬ್ಯಾಡಾಗ್ಯಾರ, ಅದಕ್ಕ ಬಿಟ್ಟೆ ಅಂದ್ರು." ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿಂದ ಫೋನು ತಂದು ಹಚ್ಚಿ ನನ್ನ ಕೈಗೆ ಕೊಟ್ಟಳು. "ನೀನ ಮಾತಾಡವ್ವಾ."

ಆಚೆಯಿಂದ ಗಾಳಿಯ ಸದ್ದು. ನಾನು ಯಾರೆಂದು ಹೇಳಿದೆ.

"ತಪ್ಪಾತ್ರಿ. ನೀವು ಮೂರ ಸಲ ಹೇಳಿದ್ರಿ. ನಾ ಸುಳ್ಳ ಹೇಳಿದೆ," ಎಂದೆ.

"ಅದು ನನಗ ಗೊತ್ತೈತಲ್ಲವ್ವಾ," ಎಂದ ಯಮನಪ್ಪ. ಮತ್ತೆ ಗಾಳಿ. "ಎಲ್ಲಿಂದ ಮಾತಾಡಾಕತ್ತಿ? ಇದು ನಮ್ಮ ಮನಿ ಫೋನು."

"ನಿಮ್ಮ ಮನಿಗಿ ಬಂದೇವ್ರಿ."

"ಆಕಿ ಮುಂದ ಎಲ್ಲಾ ಹೇಳೀರೇನು?"

"ಹೂಂನ್ರಿ."

"ಹೇಳೂದಿದ್ರ ಅವತ್ತ ಹೇಳಬೇಕಿತ್ತವ್ವಾ. ಈಗ ಆಕಿ ಮುಂದ ಯಾಕ ಹೇಳಿದ್ರಿ?" ಎಂದ. ಬೈಗುಳವಿರಲಿಲ್ಲ, ಬೇಸರವಷ್ಟೇ. "ಆತು. ಆಕಿ ಕೈಯಾಗ ಕೊಡು."

ಶಾಂತವ್ವ ಫೋನು ಹಿಡಿದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾವು ಲಿಂಬೆಹಣ್ಣಿನ ಚೀಲ ಕಟ್ಟೆಯ ಮೇಲಿಟ್ಟು ಬಂದೆವು. ಬಸ್ಸು ಬರುವವರೆಗೆ ಅಪ್ಪ ಒಂದೇ ಮಾತು ಆಡಿದರು: "ನಾವು ನಮ್ಮ ಹೊಟ್ಟಿ ಹಗರ ಮಾಡ್ಕೊಳ್ಳಾಕ ಬಂದಿದ್ವಿ ಶೈಲೂ."

ಮಾಮಾನಿಗೆ ಹೇಳುವುದು ಬೇಡವೆಂದು ಅವ್ವ ಅಪ್ಪನನ್ನು ಬೇಡಿಕೊಂಡಳು; ಅಣ್ಣ ತಂಗಿಯ ನಡುವೆ ಮನಸ್ತಾಪ ಆಗಬಾರದೆಂದು. ಹೀಗಾಗಿ ಪ್ರತಿ ದಸರೆಗೂ ಮಾಮಾ ಆ ಕಥೆ ಹೇಳುತ್ತಲೇ ಇದ್ದ. ಬೇಜವಾಬ್ದಾರಿ ಯಮನಪ್ಪ, ಸಾವಿನ ದವಡೆಯಿಂದ ಪಾರಾದ ಸೊಸೆ, ತಾನು ಕೊಟ್ಟ ಏಟು. ವರ್ಷದಿಂದ ವರ್ಷಕ್ಕೆ ಏಟಿನ ಸಪ್ಪಳ ದೊಡ್ಡದಾಗುತ್ತಿತ್ತು. ನಾನು ಪ್ರತಿ ಸಲ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ಈಗ ನಾನು ಸಿಂದಗಿಯಲ್ಲಿ ಶಿಕ್ಷಕಿ. ಆಯಿ ಹೋಗಿ ಆರು ವರ್ಷವಾಯಿತು, ಮನಸ್ಸಿನಲ್ಲಿದ್ದ ಸಂಶಯವನ್ನು ನನ್ನಿಂದ ಬಗೆಹರಿಸಿಕೊಳ್ಳದೆಯೇ ಹೋದಳು. ಪದ್ಮಕ್ಕನನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದಾರೆ. ಹೋದ ದಸರೆಗೆ ಎಲ್ಲರೂ ಹೂವಿನ ಹಿಪ್ಪರಗಿಯಲ್ಲಿ ಕೂಡಿದ್ದೆವು. ಪದ್ಮಕ್ಕನ ಮಕ್ಕಳು ಹಿನ್ನೀರಿಗೆ ದೋಣಿ ಆಡಲು ಹೋಗೋಣವೆಂದು ಹಟ ಹಿಡಿದಾಗ ಮಾಮಾ ಅವರನ್ನು ಕೂರಿಸಿಕೊಂಡು ಆ ಕಥೆಗೆ ಕೈ ಹಾಕಿದ. "ಜಾಕೀಟ ಹಾಕ್ಕೊ ಅಂತ ಒಂದ ಮಾತ ಹೇಳಲಿಲ್ಲ ನೋಡ್ರಿ ಆ ಮಗ" ಎನ್ನುವಲ್ಲಿಗೆ ಬಂದಾಗ ನಾನು ಎದ್ದು ಹೋಗಲಿಲ್ಲ.

"ಹೇಳಿದ್ದ ಮಾಮಾ," ಎಂದೆ. "ಮೂರ ಸಲ ಹೇಳಿದ್ದ. ನಾನ ತಗದಿದ್ದೆ. ನಿನಗ ಅಂಜಿ ಸುಳ್ಳ ಹೇಳಿದೆ."

ಪದ್ಮಕ್ಕ ಹೂ ಕಟ್ಟುತ್ತಿದ್ದಳು. ತಲೆ ಎತ್ತದೆ, "ಹೌದಪ್ಪಾ. ನಾನೂ ನೋಡೇನಿ," ಎಂದಳು.

ಮಾಮಾ ನಮ್ಮಿಬ್ಬರನ್ನೂ ನೋಡಿದ. ಆತನಿಗೆ ಈಗ ಅರವತ್ತು ದಾಟಿದೆ. "ಮತ್ತ ಅಂವಾ ಬಾಯಿ ಬಿಟ್ಟು ಹೇಳಬೇಕಿಲ್ಲೋ?" ಎಂದ.

"ಹೇಳಿದ್ದ. ನೀ ಕೇಳಲಿಲ್ಲ."

ಮಾಮಿ ಚಹಾ ತಂದಿಟ್ಟಳು. ಮಾಮಾ ಬಸಿಯಲ್ಲಿ ಸುರುವಿಕೊಂಡು ಕುಡಿದ. "ಹೋಗ್ಲಿ ಬಿಡು, ಎಂದಿಂದೋ ಮಾತು," ಎಂದು ವಲ್ಲಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೊರಟುಹೋದ. ಮಕ್ಕಳು ಕಥೆ ಅರ್ಧಕ್ಕೇ ನಿಂತಿತೆಂದು ಸ್ವಲ್ಪ ಹೊತ್ತು ಕೂತಿದ್ದು ಆಟಕ್ಕೆ ಎದ್ದರು.

ಅವತ್ತು ಆ ಮೆಟ್ಟಿಲ ಮೇಲೆ ಒಬ್ಬ ಮನುಷ್ಯನ ಮಾನವನ್ನೂ ಅನ್ನವನ್ನೂ ಉಳಿಸಬಹುದಾಗಿದ್ದ ಮಾತು, ಹದಿನಾರು ವರ್ಷ ಕಳೆದ ಮೇಲೆ ಒಂದು ಬಸಿ ಚಹಾ ಆರುವಷ್ಟು ಹೊತ್ತೂ ನಿಲ್ಲಲಿಲ್ಲ. ಅಂದಿನಿಂದ ಮಾಮಾ ಆ ಕಥೆ ಎತ್ತಿಲ್ಲ, ಇನ್ನು ಎತ್ತುವುದೂ ಇಲ್ಲ. ತಪ್ಪಾಗಿಯಾದರೂ ವರ್ಷಕ್ಕೊಮ್ಮೆ ನಮ್ಮ ಮನೆಯಲ್ಲಿ ಯಮನಪ್ಪನ ಹೆಸರು ಕೇಳಿಬರುತ್ತಿತ್ತು. ಈಗ ಅದೂ ಇಲ್ಲ.